ಗುರುವಾರದ ಸೂಜಿ

ಹಿರಿಯೂರಿನ ಕುರಿ ಸಾಕುವವರ ಸಂಘವೊಂದರಲ್ಲಿ ಲಸಿಕೆಯ ಸರದಿ ನೆನಪಿಸುವ ಪುಟ್ಟ ಪ್ರೋಗ್ರಾಂ ಇತ್ತು. ಬರೆದವರು ನನಗೆ ಕಂಪ್ಯೂಟರ್ ಕಲಿಸಿದ ಮೇಷ್ಟ್ರು. ಪ್ರತಿ ಸೋಮವಾರ ಕಾರ್ಯದರ್ಶಿ ಅದನ್ನು ಓಡಿಸಿದರೆ, ಲಸಿಕೆ ಹಾಕಿಸಿ ಇಪ್ಪತ್ತಾರು ವಾರ ತುಂಬಿದ ಮಂದೆಗಳ ಪಟ್ಟಿ ಬರುತ್ತಿತ್ತು. ಕುರಿಗಾರರ ಫೋನಿಗೆ ಮೆಸೇಜ್ ಹೋಗುತ್ತಿತ್ತು. ಅವರು ಅದನ್ನೇ ನಂಬಿದ್ದರು.

ಮೇಷ್ಟ್ರು ಕೊರೊನಾದಲ್ಲಿ ತೀರಿಕೊಂಡರು. ಮರುವರ್ಷ ಸಂಘದ ಹಳೆಯ ಕಂಪ್ಯೂಟರೂ ಕೆಟ್ಟಿತು. ಆಗ ನಾನು ಹೊಸದುರ್ಗದ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದೆ. ಕಾರ್ಯದರ್ಶಿ ಫೋನ್ ಮಾಡಿದರು.

"ಮೇಷ್ಟ್ರು ಬರ್ದಿದ್ದು ಹೊಸ ಕಂಪ್ಯೂಟರ್‌ನಾಗೆ ಓಡ್ತಿಲ್ಲ ಮೇಡಂ. ನೀವು ಅವ್ರ ಶಿಷ್ಯರು, ಒಂಚೂರು ನೋಡಿಕೊಡ್ರಿ."

ಕಾರಣ ನನಗೆ ಗೊತ್ತಿತ್ತು. ಅವರು ಬರೆದದ್ದು ಪೈಥಾನ್ ಭಾಷೆಯ ಎರಡನೇ ಆವೃತ್ತಿಯಲ್ಲಿ. ಹೊಸ ಕಂಪ್ಯೂಟರಿನಲ್ಲಿದ್ದದ್ದು ಮೂರನೆಯದು. ಒಂದೇ ಹೆಸರಿನ ಭಾಷೆಯಾದರೂ ಹಳೆಯದರ ಎಷ್ಟೋ ಸಾಲು ಹೊಸದಕ್ಕೆ ಅರ್ಥವಾಗುವುದಿಲ್ಲ. ಅದನ್ನು ಬದಲಿಸಿಕೊಡುವ ಒಂದು ಸಾಧನವಿದೆ. ಅದರಿಂದಲೇ ಬದಲಿಸಿದೆ. ಮೇಷ್ಟ್ರು ಸಾಲುಗಳ ನಡುವೆ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡದ ಟಿಪ್ಪಣಿ ಬರೆಯುತ್ತಿದ್ದರು. ಅವರ ದನಿಯೇ ಕೇಳಿದಂತಾಗಿ ಕಣ್ಣು ತುಂಬಿತು. ಓದಿದೆ ಎನ್ನುವುದಕ್ಕಿಂತ ಅವುಗಳ ಮೇಲೆ ಕಣ್ಣಾಡಿಸಿದೆ ಎನ್ನಬೇಕು. ಹೊಳಲ್ಕೆರೆ ಕಡೆಯ ಹತ್ತು ಮಂದೆಗಳ ವಿವರ ಹಾಕಿ ಪರೀಕ್ಷಿಸಿದೆ. ಹತ್ತೂ ಸರಿಯಾಗಿ ಬಂದವು. ಕೊಟ್ಟು ಬಂದೆ.

ಮಳೆ ಶುರುವಾದ ಮೇಲೆ ಕಾರ್ಯದರ್ಶಿ ಮತ್ತೆ ಕರೆಸಿದರು. ಅವರೆದುರು ತಾಳ್ಯದ ಕಡೆಯ ಒಬ್ಬ ಹಿರಿಯ ಕುರಿಗಾರ ಕೂತಿದ್ದರು. ಹೊಸ ಹುಲ್ಲು ಮೇಯ್ದ ಕುರಿಗಳಿಗೆ ಕರುಳುಬೇನೆ ಹತ್ತಿ, ಮಂದೆಯ ಅರ್ಧಕ್ಕಿಂತ ಹೆಚ್ಚು ನಾಲ್ಕೇ ದಿನದಲ್ಲಿ ಸತ್ತಿದ್ದವು.

"ಮೆಸೇಜು ಬರ್ಲೇ ಇಲ್ಲಮ್ಮ," ಎಂದರು ಅವರು. "ಬಂದ್ಮೇಲೆ ಸೂಜಿ ಹಾಕ್ಸಾಣ ಅಂತ ಕಾಯ್ಕಂಡು ಕುಂತಿದ್ದೆ."

ಫೋನ್ ನಂಬರ್ ಸರಿಯಾಗಿತ್ತು. ಹಿಂದಿನ ಲಸಿಕೆಯ ತಾರೀಖೂ ಇತ್ತು. ಅದು ಗುರುವಾರ. ಪ್ರೋಗ್ರಾಂ ತೆರೆದು ಲೆಕ್ಕದ ಸಾಲುಗಳನ್ನು ಒಂದೊಂದಾಗಿ ಓದಿದೆ.

ದಿನಗಳನ್ನು ಏಳರಿಂದ ಭಾಗಿಸಿ ವಾರ ತೆಗೆಯುವ ಒಂದು ಸಾಲಿತ್ತು, ಬದಲಿಸುವ ಸಾಧನ ಅದನ್ನು ಹಾಗೇ ಬಿಟ್ಟಿತ್ತು. ಗುರುವಾರ ಲಸಿಕೆ ಹಾಕಿಸಿದವರಿಗೆ, ಇಪ್ಪತ್ತಾರು ವಾರ ತುಂಬಿದ ಮೇಲೆ ಬರುವ ಸೋಮವಾರಕ್ಕೆ ನೂರ ಎಂಬತ್ತಾರು ದಿನ. ಹಳೆಯ ಪೈಥಾನ್ ಅದನ್ನು ಏಳರಿಂದ ಭಾಗಿಸಿ, ಉಳಿದ ನಾಲ್ಕು ದಿನ ಬಿಟ್ಟು, ಇಪ್ಪತ್ತಾರು ಎಂದಷ್ಟೇ ಹೇಳುತ್ತಿತ್ತು. ಹೊಸದು ಇಪ್ಪತ್ತಾರೂವರೆ ಚಿಲ್ಲರೆ ಎನ್ನುತ್ತದೆ. ಇಪ್ಪತ್ತಾರಕ್ಕೆ ಸಮವಲ್ಲವೆಂದು ಆ ಹೆಸರು ಪಟ್ಟಿಯಿಂದ ಬಿಟ್ಟುಹೋಗಿತ್ತು. ಲಸಿಕೆ ಶಿಬಿರಗಳು ಹೆಚ್ಚಾಗಿ ಸೋಮವಾರವೇ ನಡೆಯುವುದರಿಂದ ಯಾರಿಗೂ ತಿಳಿಯಲಿಲ್ಲ. ನಾನು ಪರೀಕ್ಷಿಸಿದ ಹತ್ತೂ ಸೋಮವಾರದವೇ. ಇವರ ಹಟ್ಟಿಯಲ್ಲಿ ಮಾತ್ರ ಯಾವುದೋ ಸಾವಿನಿಂದಾಗಿ ಶಿಬಿರ ಗುರುವಾರಕ್ಕೆ ಹೋಗಿತ್ತು.

ಆ ಸಾಲಿನ ಮೇಲೆಯೇ ಮೇಷ್ಟ್ರು ಬರೆದಿದ್ದರು: ಪೂರ್ತಿ ವಾರ ಮಾತ್ರ, ಉಳಿದದ್ದು ಬಿಡು.

ಭಾಗಾಕಾರಕ್ಕೆ ಒಂದು ಓರೆಗೆರೆ ಇದ್ದಲ್ಲಿ ಎರಡು ಹಾಕಿದೆ; ಉಳಿದದ್ದನ್ನು ಬಿಡಲು ಹೊಸ ಪೈಥಾನಿನಲ್ಲಿ ಹಾಗೆ ಬರೆಯಬೇಕು. ಸರಿಹೋಯಿತು. ಕಾರ್ಯದರ್ಶಿ, "ಸಾಫ್ಟ್‌ವೇರ್ ಪ್ರಾಬ್ಲಂ ಯಜಮಾನ್ರೆ, ಏನ್ ಮಾಡಾಕಾಗ್ತೈತೆ," ಎಂದರು. ನಾನು ಚೀಲ ಎತ್ತಿಕೊಂಡು ಬಸ್ಸಿಗೆ ಹೊರಟೆ.

ಆ ಭಾನುವಾರ ಹೊಸದುರ್ಗದಿಂದ ಬಸ್ ಹಿಡಿದು ತಾಳ್ಯಕ್ಕೆ ಹೋಗಿ, ಅಲ್ಲಿಂದ ಆ ಕುರಿಗಾರರ ಹಟ್ಟಿಗೆ ನಡೆದೆ. ಕುರಿರೊಪ್ಪದ ಒಂದು ಮೂಲೆಯಲ್ಲಷ್ಟೇ ಕುರಿಗಳಿದ್ದವು. ಅವರ ಹೆಂಡತಿ ನೀರು ತಂದುಕೊಟ್ಟರು.

"ತಪ್ಪು ಮಿಶನ್ನಿಂದಲ್ಲ ಯಜಮಾನ್ರೆ, ನಂದು," ಎಂದೆ. "ಹಳೇದನ್ನ ಹೊಸದಕ್ಕೆ ಬದಲಿಸುವಾಗ ನಾನು ಸರಿಯಾಗಿ ನೋಡಲಿಲ್ಲ."

ಅವರು ರೊಪ್ಪದ ಬಾಗಿಲು ತೆಗೆಯುತ್ತ ಕೇಳಿದರು:

"ಚೆನ್ನಾಗಿ ನಡೀತಿದ್ದುದ್ನ ಯಾಕಮ್ಮ ಬದಲು ಮಾಡಿದ್ರಿ?"

ಹಳೆಯ ಪೈಥಾನನ್ನು ಈಗ ಯಾರೂ ನೋಡಿಕೊಳ್ಳುವುದಿಲ್ಲ, ಬದಲಿಸದೆ ವಿಧಿಯಿರಲಿಲ್ಲ ಎಂದು ಹೇಳಬಹುದಿತ್ತು. ಅವರು ಬೈಯಲಿಲ್ಲ, ಹೋಗಲಿ ಬಿಡಮ್ಮ ಅಂತಲೂ ಅನ್ನಲಿಲ್ಲ. ಕಂಬಳಿ ಹೆಗಲಿಗೆ ಹಾಕಿಕೊಂಡು ಉಳಿದ ಕುರಿಗಳನ್ನು ಹೊಡೆದುಕೊಂಡು ಹೋದರು. ಹೆಂಡತಿ, "ಊಟ ಮಾಡ್ಕಂಡು ಹೋಗ್ರಿ," ಎಂದರು. ಅರ್ಧ ಮುದ್ದೆ ಉಂಡು ತಾಳ್ಯದ ಬಸ್ಸಿಗೆ ನಡೆದೆ.

ದೀಪಾವಳಿಯ ಹೊತ್ತಿಗೆ ಅವರು ಉಳಿದ ಕುರಿಗಳನ್ನು ತಮ್ಮನ ಮಂದೆಗೆ ಸೇರಿಸಿ, ಹೊಸದುರ್ಗದ ಕಡೆ ಯಾರದೋ ತೆಂಗಿನ ತೋಟಕ್ಕೆ ನೀರು ಕಟ್ಟುವ ಕೆಲಸಕ್ಕೆ ಸೇರಿದರೆಂದು ಕಾರ್ಯದರ್ಶಿ ತಿಳಿಸಿದರು. ಸಂಘದ ಪಟ್ಟಿಯಿಂದ ಅವರ ಹೆಸರನ್ನು ತೆಗೆಯಲು ನನಗೇ ಹೇಳಿದರು. ತೆಗೆದೆ.

ಆಮೇಲೊಮ್ಮೆ ಹೊಸದುರ್ಗದ ಸಂತೆಯಲ್ಲಿ ಅವರನ್ನು ಕಂಡೆ. ಹೆಗಲ ಮೇಲೆ ಕಂಬಳಿ ಇರಲಿಲ್ಲ. ಅವರೂ ನನ್ನನ್ನು ನೋಡಿದರು, ಗುರುತು ಹತ್ತಿತೋ ಇಲ್ಲವೋ. ಮಾತಾಡಿಸಲು ಧೈರ್ಯ ಸಾಲದೆ ನಾನು ತರಕಾರಿ ಸಾಲಿನ ಕಡೆ ತಿರುಗಿದೆ.