ಪಟ್ಟಿಯ ಕೊನೆಯ ಸಾಲು

ಮಲೇಷ್ಯಾಕ್ಕೆ ಗಾಲ್ಫ್ ಆಡಲು ಹೊರಟಾಗ, ತೀರಿಹೋದ ನನ್ನ ಯಜಮಾನರ ಹಳೆಯ ಪಟ್ಟಿ ನೋಡಿಯೇ ಸಾಮಾನು ಜೋಡಿಸಿದೆ. ಒಂದನ್ನೂ ಬಿಡಲು ಮನಸ್ಸಿರಲಿಲ್ಲ. ತೆಳು ಅಂಗಿ, ಕೈಗವಸು, ಕೊಡೆ, ಕೊನೆಗೆ ನಮ್ಮ ಸಕಲೇಶಪುರದ ತೋಟಗಳಲ್ಲಿ ರಕ್ತ ಹೀರುವ ಉಂಬಳ ಕಚ್ಚದಂತೆ ಕಾಲಿಗೆ ಹಚ್ಚುವ ಹೊಗೆಸೊಪ್ಪು-ಸುಣ್ಣದ ಪುಡಿ.

ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಹುಡುಗಿ ಪೊಟ್ಟಣ ಬಿಚ್ಚಿ ನೋಡಿ, “ಇದನ್ನ ತಗೊಂಡು ಹೋಗೋ ಹಾಗಿಲ್ಲಮ್ಮ” ಎಂದಳು.

“ಪಟ್ಟಿಯಲ್ಲಿದೆಯಲ್ಲ” ಎಂದು ಚೀಟಿ ತೋರಿಸಿದೆ.

ಹಿಂದೆ ನಿಂತಿದ್ದ ಯಜಮಾನರ ಗಾಲ್ಫ್ ಗೆಳೆಯ ಪುಟ್ಟೇಗೌಡರು, “ಬುಟ್ಬುಡಿ ಟೀಚರ್! ಅಲ್ಲಿ ಹುಲ್ಲು ನನ್ನ ತಲೆಗಿಂತ ನುಣ್ಣಗೈತೆ, ಉಂಬಳ ಎಲ್ಲಿ ಕೂರ್ಬೇಕು?” ಎಂದರು. ಹುಡುಗಿ ನಕ್ಕಳು, ನಾನೂ ನಕ್ಕೆ.

ಪುಡಿಯನ್ನು ಅವಳ ಕೈಗಿಟ್ಟು, ಕೆಂಪು ಪೆನ್ನಿನಿಂದ ಆ ಸಾಲು ಹೊಡೆದುಹಾಕಿದೆ. ಯಜಮಾನರು ಬರೆದದ್ದನ್ನು ನಾನು ತಿದ್ದಿ, ಅವರು ಸುಮ್ಮನಿದ್ದದ್ದು ಇದೇ ಮೊದಲು.