ಒಳಕೋಣೆಯ ಸರ್‌ಗೆ ಒಂದು ಲೋಟ ಕಾಫಿ

ಆ ದಿನ ಬೆಳಿಗ್ಗೆಯೂ ಎಂದಿನಂತೆ ಒಂಬತ್ತು ಗಂಟೆಗೆ ನಾನು ಯಾರೂ ಇಲ್ಲದ ಕೋಣೆಗೆ ಕಾಫಿ ತೆಗೆದುಕೊಂಡು ಹೋದೆ. ಬಾಗಿಲನ್ನು ಎರಡು ಸಲ ಮೆಲ್ಲಗೆ ತಟ್ಟಿ, "ಬರ್ಲಾ ಸರ್?" ಎಂದು ಹೊರಗಿನವರಿಗೂ ಕೇಳಿಸುವಂತೆ ಕೇಳಿ, ಮೇಜಿನ ಮೇಲೆ ಸ್ಟೀಲ್ ಲೋಟ ಇಟ್ಟು, ಬಾಗಿಲು ಎಳೆದುಕೊಂಡು ಬಂದೆ. ಆಮೇಲೆ ನಮ್ಮ ಕಂಪ್ಯೂಟರ್ ಅಂಗಡಿಯ ಹೊಸ್ತಿಲಾಚೆ ಇದ್ದ ಗಂಡಸರ ಚಪ್ಪಲಿಗಳನ್ನು ಕಾಲಿನಿಂದ ಸ್ವಲ್ಪ ಓರೆ ಮಾಡಿದೆ. ತೀರ ನೆಟ್ಟಗಿದ್ದರೆ ಯಾರೋ ಜೋಡಿಸಿಟ್ಟ ಹಾಗೆ ಕಾಣುತ್ತದೆ ಎಂದು ಅಂಗಡಿಯ ಒಡತಿ ವಿಶಾಲಕ್ಕ ನನಗೆ ಮೊದಲ ವಾರವೇ ಹೇಳಿಕೊಟ್ಟಿದ್ದರು.

ಮೈಸೂರಿನಲ್ಲಿ ಕೂತು ಇದನ್ನು ಓದುವ ನೀವು ನಗಬಹುದು. ಕೊಪ್ಪಕ್ಕೆ ಬಂದ ಹೊಸತರಲ್ಲಿ ಯಾರಾದರೂ ಹೀಗೆ ಹೇಳಿದ್ದರೆ ನಾನೂ ನಗುತ್ತಿದ್ದೆ.

ನಮ್ಮ ಮನೆಯವರು ದನದ ಡಾಕ್ಟರು. ಅವರಿಗೆ ಇಲ್ಲಿಗೆ ವರ್ಗವಾದಾಗ ಎರಡು ಸಾವಿರದ ಇಸವಿ ದಾಟಿ ಇನ್ನೂ ಹೆಚ್ಚು ವರ್ಷವಾಗಿರಲಿಲ್ಲ. ಮೊಬೈಲ್ ಸಿಗ್ನಲ್ ಬೇಕಾದರೆ ಗುಡ್ಡದ ಮೇಲಿನ ಶಾಲೆಯವರೆಗೆ ಹತ್ತಬೇಕಿತ್ತು. ಮೈಸೂರಿನಲ್ಲಿ ಮನೆ ಬಾಡಿಗೆಗೆ ಕೇಳಿದರೆ ಮೊದಲು ಅಡ್ವಾನ್ಸಿನ ಮಾತು. ಇಲ್ಲಿ ಮೊದಲು ಕೇಳಿದ್ದು "ನಿಮ್ಮಲ್ಲಿ ಯಾರ್ಯಾರು, ನಿಮ್ಮ ಪೈಕಿಯವರು ಈ ಕಡೆ ಯಾರಿದ್ದಾರೆ" ಎಂದು. ಯಾರೂ ಇಲ್ಲ ಎಂದಾಗ ಅವರ ಮುಖದಲ್ಲಿ ಅನುಮಾನಕ್ಕಿಂತ ಕನಿಕರವೇ ಹೆಚ್ಚಿತ್ತು. ಕೊನೆಗೆ ಬಸ್ ನಿಲ್ದಾಣದ ಮೇಲಿನ ಏರಿನಲ್ಲಿ ಮನೆ ಸಿಕ್ಕಿತು. ಎದುರು ಮನೆ ಸುಮಿತ್ರಮ್ಮನವರದು. ಅವರ ಜಗುಲಿಯಿಂದ ಹೋಗಿಬರುವ ಬಸ್ಸುಗಳೆಲ್ಲ ಕಾಣುತ್ತವೆ. ಯಾವ ಬಸ್ಸಿಗೆ ಯಾರು ಹತ್ತಿದರು ಎಂಬುದು ಅವರಿಗೆ ಬಾಯಿಪಾಠ.

ಮೊದಲ ಏಳೆಂಟು ತಿಂಗಳು ನಾನು ಮಾತಾಡಿದ್ದು ಸುಮಿತ್ರಮ್ಮನ ಜೊತೆ ಮಾತ್ರ. ನಾನು ಓದಿದ ಕಾನ್ವೆಂಟಿನಲ್ಲಿ ಕನ್ನಡದ ಮಾತು ಬಾಯಿಂದ ಬಂದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಅದರ ಗುರುತೋ ಏನೋ, ಈಗಲೂ ಬಾಯಿ ತೆರೆಯುವ ಮೊದಲು ಒಂದು ಕ್ಷಣ ತಡೆಯುತ್ತೇನೆ. ಇಲ್ಲಿಯವರಿಗೆ ಆ ತಡೆ ಗೊತ್ತಾಗುತ್ತಿತ್ತು. "ಎಂತ ಯೋಚ್ನೆ ಮಾಡ್ತೀರಿ ಮಾರಾಯ್ತಿ, ಹೇಳಿಬಿಡಿ" ಎನ್ನುತ್ತಿದ್ದರು ಸುಮಿತ್ರಮ್ಮ. ನಮ್ಮ 'ಏನು' ಇಲ್ಲಿ 'ಎಂತ'. ಕಳಲೆ, ಅಂದರೆ ಎಳೆ ಬಿದಿರಿನ ಮೊಳಕೆ, ಅದರ ಪಲ್ಯ ಮಾಡುವುದನ್ನು ಅವರೇ ಕಲಿಸಿದರು. ಮೂರು ದಿನ ನೀರು ಬದಲಿಸುತ್ತ ನೆನೆಹಾಕದಿದ್ದರೆ ಅದು ನಂಜು. ಇಲ್ಲಿ ತಿನ್ನುವುದನ್ನು ಕಲಿಯುವುದಕ್ಕೂ ಕಾಯುವುದನ್ನು ಕಲಿಯಬೇಕು ಅನ್ನಿಸಿತು.

ಚಳಿಗಾಲದಲ್ಲಿ ಒಂಟಿತನಕ್ಕೆ ಬಣ್ಣವೇ ಬಂದುಬಿಡುತ್ತಿತ್ತು. ಬೆಳಿಗ್ಗೆ ಹತ್ತರವರೆಗೂ ಬಿಳಿ ಮಂಜು. ರಸ್ತೆಯಲ್ಲಿ ಮಾತು ಕೇಳುತ್ತಿತ್ತು, ಮಾತಾಡುವವರು ಕಾಣುತ್ತಿರಲಿಲ್ಲ. ಅಂಥ ಒಂದು ಬೆಳಿಗ್ಗೆ ತರಕಾರಿಗೆ ಹೋದವಳು, ಮಂಜಿನಲ್ಲಿ ಅಂಗಡಿಯೊಂದರ ಬಾಗಿಲಿಗೆ ಅಂಟಿಸಿದ್ದ ಕಾಗದವನ್ನು ಹತ್ತಿರ ಹೋಗಿ ಓದಿದೆ. "ಕಂಪ್ಯೂಟರ್ ಬಲ್ಲವರು ಬೇಕಾಗಿದ್ದಾರೆ. ಹೆಂಗಸರಾದರೂ ಅಡ್ಡಿಯಿಲ್ಲ. — ಮಾಲೀಕರು."

ಒಳಗೆ ವಿಶಾಲಕ್ಕ ಒಬ್ಬರೇ ಕಂಪ್ಯೂಟರೊಂದರ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದರು. ಸೀತೂರಿನ ಬೇಸಾಯದ ಮನೆಯ ಮಗಳು, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವರು, ಮದುವೆಯಾದವರಲ್ಲ. ಒಂದಿಷ್ಟು ಮಾತಾಡಿ, ನನಗೆ ಪ್ರೋಗ್ರಾಂ ಬರೆಯಲು ಬರುತ್ತದೆ ಎಂದು ಕೇಳಿದ್ದೇ, "ನಾಳೆಯಿಂದ ಬಾ" ಎಂದರು. ನಾನು ಅಭ್ಯಾಸಬಲದಿಂದ "ಮನೆಯವರನ್ನ ಕೇಳಿ ಹೇಳ್ತೀನಿ" ಎಂದೆ. ಸ್ಕ್ರೂಡ್ರೈವರ್ ಕೆಳಗಿಟ್ಟು ನನ್ನನ್ನೇ ನೋಡಿ ನಕ್ಕರು.

"ನಿಂಗೂ ಒಬ್ರು ಒಳಗೆ ಇದ್ದಾರಾ?"

ಅದರ ಅರ್ಥ ಆಗ ತಿಳಿಯಲಿಲ್ಲ. ಸಂಜೆ ಮನೆಯಲ್ಲಿ ಹೇಳಿದೆ. ನಮ್ಮವರು ಗಮ್ ಬೂಟು ತೊಳೆಯುತ್ತಲೇ, "ಹೋಗು. ನನ್ನನ್ನ್ಯಾಕೆ ಕೇಳ್ತೀಯ?" ಎಂದರು. ಆಗ ನನಗೆ ಹಳೆಯದೊಂದು ನೆನಪಾಯಿತು. ಮೈಸೂರಿನಲ್ಲಿ ಕಂಪ್ಯೂಟರ್ ಕೋರ್ಸ್ ಮುಗಿಸಿದಾಗ ಅಲ್ಲಿಯ ಮೇಡಂ ನನ್ನನ್ನು ಪಾಠ ಹೇಳಲು ಕರೆದಿದ್ದರು. ಆಗಲೂ "ಮನೆಯವರನ್ನ ಕೇಳಿ ಹೇಳ್ತೀನಿ" ಎಂದಿದ್ದೆ. ಮಾರುಕಟ್ಟೆ ಸುತ್ತಿ, ಮಲ್ಲಿಗೆ ಕೊಂಡು, ಮರುದಿನ ಹೋಗಿ "ಅವರು ಬೇಡ ಅಂದ್ರು" ಎಂದೆ. ನಾನು ಅವರನ್ನು ಕೇಳಿಯೇ ಇರಲಿಲ್ಲ.

ಕೆಲಸಕ್ಕೆ ಸೇರಿದ ವಾರದಲ್ಲಿ ವಿಶಾಲಕ್ಕ ಒಳಕೋಣೆಯ ಕತೆ ಹೇಳಿದರು. ಅಂಗಡಿ ತೆರೆದ ಹೊಸತರಲ್ಲಿ ಬಂದವರೆಲ್ಲ "ಯಜಮಾನ್ರಿಲ್ವಾ? ಆಮೇಲೆ ಬತ್ತೆ" ಎಂದು ಹೋಗುತ್ತಿದ್ದರಂತೆ. ಹೋದವರು ಬರುತ್ತಿರಲಿಲ್ಲ. ಬಾಗಿಲು ಹಾಕಿಬಿಡುವ ಯೋಚನೆಯಲ್ಲಿದ್ದಾಗ ಒಂದು ದಿನ ಒಬ್ಬ ಗಿರಾಕಿಗೆ ಥಟ್ಟನೆ, "ಸರ್ ಒಳಗಿದ್ದಾರೆ, ಕೇಳಿ ಬತ್ತೆ" ಎಂದು ಒಳಗೆ ಹೋಗಿ, ನಲವತ್ತು ಎಣಿಸಿ, ಹೊರಗೆ ಬಂದು, ಮೊದಲು ಹೇಳಿದ ಬೆಲೆಯನ್ನೇ ಹೇಳಿದರು. ಗಿರಾಕಿ ಒಪ್ಪಿ ಕಂಪ್ಯೂಟರ್ ಹೊತ್ತುಕೊಂಡು ಹೋದ.

"ಚಪ್ಪಲಿ ಬಾಳೆಹೊನ್ನೂರಲ್ಲಿ ತಗೊಂಡೆ" ಎಂದರು. "ಇಲ್ಲಿ ತಗೊಂಡ್ರೆ ಯಾರಿಗೆ ಅಂತ ಕೇಳ್ತಾರೆ."

ನಾಲ್ಕು ವರ್ಷದಿಂದ ಸರ್ ಒಳಗಿದ್ದರು. ಯಾರಿಗೂ ಕಾಣದಿದ್ದರೂ ಅವರ ಮೇಲೆ ಎಲ್ಲರಿಗೂ ಗೌರವ. ಮುಂಗೋಪಿಯಂತೆ, ಜನರೊಡನೆ ಬೆರೆಯುವುದಿಲ್ಲವಂತೆ, ಭಾರಿ ಬುದ್ಧಿವಂತರಂತೆ. ಇದನ್ನೆಲ್ಲ ವಿಶಾಲಕ್ಕ ಹೇಳಿದ್ದಲ್ಲ, ಊರೇ ಹೇಳಿಕೊಂಡದ್ದು.

ಆದರೆ ಒಂದು ಮಾತನ್ನು ವಿಶಾಲಕ್ಕ ನಗದೆ ಹೇಳಿದರು. ಶೃಂಗೇರಿಯಲ್ಲಿ ಎರಡನೆಯ ಅಂಗಡಿಗೆ ಒಳ್ಳೆ ಜಾಗ ಸಿಕ್ಕಿತ್ತು. ಜಾಗದವರು ಬಂದು ಕೂತಿದ್ದರು. "ಒಳಗೆ ಹೋಗುವಾಗ ನಾನು ಹೂಂ ಅಂತ್ಲೇ ಹೋಗಿದ್ದು ಕಣೆ ರೇಣು. ನಲವತ್ತು ಎಣಿಸಿದೆ. ಹೊರಗೆ ಬಂದು ಬಾಯಿ ತೆಗೆದ್ರೆ, 'ಸರ್ ಬೇಡ ಅಂದ್ರು' ಅಂತ ಬಂತು. ನಾನು ಹೇಳಿದ್ದಲ್ಲ ಅದು."

"ಹೆದರಿಕೆಯಾಗಿರ್ಬೇಕು ಅಕ್ಕ."

"ಇರ್ಬಹುದು. ಯಾರ ಹೆದರಿಕೆ?"

ಅಂದಿನಿಂದ ಆ ಕೋಣೆಯಲ್ಲಿ ನಾನೂ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ. ಕಿಟಕಿಯಿಲ್ಲ, ಒಂದು ಕುರ್ಚಿ, ಒಂದು ಮೇಜು, ಗೋಡೆಗೆ ಕ್ಯಾಲೆಂಡರು. ಕಾಫಿ ಇಟ್ಟು ತಿರುಗುವಾಗ ಕೆಲವೊಮ್ಮೆ, ನಾನು ಬರೆದ ಪ್ರೋಗ್ರಾಂ ಸರಿಯಿಲ್ಲ, ಇನ್ನೊಬ್ಬರಿಗೆ ತೋರಿಸುವಂಥದ್ದಲ್ಲ ಎಂದು ಬೆನ್ನ ಹಿಂದಿನಿಂದ ಯಾರೋ ಅಂದ ಹಾಗಾಗುತ್ತಿತ್ತು. ಹೊರಗೆ ಬಂದು ಚೆನ್ನಾಗಿದ್ದುದನ್ನೇ ಅಳಿಸಿ ಮತ್ತೆ ಬರೆಯುತ್ತಿದ್ದೆ.

ಇನ್ನೊಂದು ಸಣ್ಣ ವಿಷಯ. ಹೊಸದಾಗಿಯೇ ಉಳಿದರೆ ಜನಕ್ಕೆ ಅನುಮಾನ ಬರುತ್ತದೆಂದು ವಿಶಾಲಕ್ಕ ಆ ಚಪ್ಪಲಿಗಳ ಹಿಮ್ಮಡಿಯನ್ನು ಆಗಾಗ ಅರದಿಂದ ಉಜ್ಜುತ್ತಿದ್ದರು. ಒಂದು ದಿನ ಗುಡಿಸುವಾಗ ಎತ್ತಿ ನೋಡಿದೆ. ಎಡಗಾಲಿನದು ಹೊರ ಅಂಚಿನಲ್ಲಿ ಓರೆಯಾಗಿ ಸವೆದಿತ್ತು, ಕಾಲೆಳೆದು ನಡೆಯುವವರ ಚಪ್ಪಲಿಯಂತೆ.

"ನಾನು ಎರಡನ್ನೂ ಸಮ ಉಜ್ಜಿದ್ದು" ಎಂದರು ವಿಶಾಲಕ್ಕ. ಮತ್ತೆ ಉಜ್ಜಲಿಲ್ಲ.

ಇರಲಿ, ಆ ದಿನಕ್ಕೆ ಬರುತ್ತೇನೆ. ನೆಮ್ಮಾರಿನ ಕಡೆಯ ಬೆಳೆಗಾರರ ಸೊಸೈಟಿಯೊಂದಕ್ಕೆ ನಾನು ಐದು ತಿಂಗಳು ಕೂತು ಒಂದು ಪ್ರೋಗ್ರಾಂ ಮಾಡಿದ್ದೆ. ಗೊಬ್ಬರ, ಸುಣ್ಣ, ಔಷಧಿ ಹೊಡೆಯಲು ಬೇಕಾದ ಮೈಲುತುತ್ತ, ಯಾವ ಸದಸ್ಯರಿಗೆ ಯಾವುದು ಹೋಯಿತು ಎಂಬುದೆಲ್ಲ ಪರದೆಯ ಮೇಲೆ ಕನ್ನಡದಲ್ಲೇ ಬರುವಂತೆ. ಇದು ಒಪ್ಪಿಗೆಯಾದರೆ ಸುತ್ತಲಿನ ಸೊಸೈಟಿಗಳೂ ಬರುತ್ತವೆ, ಶೃಂಗೇರಿಯ ಅಂಗಡಿಯೂ ಆಗುತ್ತದೆ. ಒಪ್ಪಿಗೆಯಾಗದಿದ್ದರೆ, ಅಥವಾ ಸರ್ ವಿಷಯ ಹೊರಬಿದ್ದರೆ, ನಾಲ್ಕು ವರ್ಷದ ಅಂಗಡಿ ಒಂದು ದಿನದಲ್ಲಿ ನಗೆಪಾಟಲು.

ಹನ್ನೊಂದಕ್ಕೆ ಸೊಸೈಟಿಯ ಅಧ್ಯಕ್ಷರು ತಿಮ್ಮಪ್ಪಯ್ಯನವರು ತಮ್ಮ ಸೆಕ್ರೆಟರಿಯೊಡನೆ ಬಂದರು. ಹೊಸ್ತಿಲಲ್ಲಿ ತಮ್ಮ ಚಪ್ಪಲಿಯನ್ನು ಸರ್ ಚಪ್ಪಲಿಯಿಂದ ಒಂದು ಗೇಣು ದೂರ ಬಿಟ್ಟರು. ನಾನು ತೋರಿಸುತ್ತ ಹೋದೆ. ಪ್ರಶ್ನೆ ಕೇಳುವಾಗೆಲ್ಲ ಅವರು ಮುಚ್ಚಿದ ಬಾಗಿಲಿನ ಕಡೆ ತಿರುಗುತ್ತಿದ್ದರು.

"ತೀರ್ಕೊಂಡವರ ಹೆಸರು ತೆಗೀಬೇಕಲ್ಲ, ತೆಗೆದ್ರೆ ಹೋಗ್ತದಾ?" ಎಂದು ಬಾಗಿಲನ್ನು ಕೇಳಿದರು.

"ಹೋಗತ್ತೆ. ಬೇಕಾದ್ರೆ ಮತ್ತೆ ತರಬಹುದು" ಎಂದೆ ನಾನು.

ಬಾಗಿಲಿಗೆ ತಲೆದೂಗಿ, "ಸರ್ ಎಲ್ಲಾ ಯೋಚ್ನೆ ಮಾಡಿದ್ದಾರೆ" ಎಂದರು.

ಎಲ್ಲ ಮುಗಿದ ಮೇಲೆ ಸೆಕ್ರೆಟರಿಯ ಚೀಲದಿಂದ ವೀಳ್ಯದೆಲೆಯ ಕಟ್ಟು, ಎರಡು ಅಡಿಕೆ, ಒಂದು ತೆಂಗಿನಕಾಯಿ ಹೊರಬಂದವು. ಇಲ್ಲಿ ದೊಡ್ಡ ಕೆಲಸದ ಮಾತು ಕಾಗದದಲ್ಲಿ ಮುಗಿಯುವುದಿಲ್ಲ. ಯಜಮಾನನಿಗೆ ಎಲೆ ಅಡಿಕೆಯನ್ನು ಕೈಯಾರೆ ಕೊಡಬೇಕು, ಅವರು ಕೈಯಾರೆ ತೆಗೆದುಕೊಳ್ಳಬೇಕು. ಪರವಾಗಿ ಇನ್ನೊಬ್ಬರು ತೆಗೆದುಕೊಂಡರೆ ಮಾತು ಕಟ್ಟಿದಂತಲ್ಲ. ನಾನು ಹೊರಗಿನವಳು, ನನಗಿದು ಗೊತ್ತಿರಲಿಲ್ಲ. ವಿಶಾಲಕ್ಕನಿಗೆ ಗೊತ್ತಿದ್ದೂ ಮರೆತುಹೋಗಿತ್ತು.

"ಒಂದ್ನಿಮಿಷ ಕರೀರಿ ಅವ್ರನ್ನ. ಕೈಗೆ ಕೊಟ್ಟು ಹೊರಡ್ತೀವಿ" ಎಂದರು ತಿಮ್ಮಪ್ಪಯ್ಯನವರು.

"ಕೇಳಿ ಬತ್ತೆ" ಎಂದು ವಿಶಾಲಕ್ಕ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ನಾನು ಎಣಿಸಿದೆ. ನಲವತ್ತು ಆಯಿತು. ಅರವತ್ತು. ಕರೆಂಟು ಹೋಗಿ ಯುಪಿಎಸ್ ಬೀಪ್ ಬೀಪ್ ಎನ್ನತೊಡಗಿತು. ತೊಂಬತ್ತು. ಅವರು ಹೊರಗೆ ಬಂದರೆ ಬಾಯಿಂದ ಬರುವ ಮಾತು ಯಾವುದೆಂದು ನನಗೆ ಗೊತ್ತಿತ್ತು. ಅದೇ ಮಾತನ್ನು ನಾನು ಮೈಸೂರಿನಲ್ಲಿ ಮೇಡಂ ಮುಂದೆ ಹೇಳಿದ್ದೆ. ಎದ್ದು ಹೋಗಿ ಬಾಗಿಲು ಪೂರ್ತಿ ತೆರೆದೆ. ಮೊದಲ ಸಲ, ತಟ್ಟದೆ.

ವಿಶಾಲಕ್ಕ ಕುರ್ಚಿಯ ಪಕ್ಕ ತಲೆ ತಗ್ಗಿಸಿ ನಿಂತಿದ್ದರು, ಬೈಸಿಕೊಳ್ಳುವವರ ಹಾಗೆ. ತುಟಿ ಅಲುಗುತ್ತಿತ್ತು.

ತಿಮ್ಮಪ್ಪಯ್ಯನವರು ಎದ್ದು ಬಂದು ಇಣುಕಿದರು. "ಸರ್ ಎಲ್ಲಿ?"

ಎಂದಿನ ಆ ತಡೆ ನನ್ನ ಬಾಯಲ್ಲಿ ಬರಲೇ ಇಲ್ಲ. "ಇಲ್ಲ. ಯಾವತ್ತೂ ಇರ್ಲಿಲ್ಲ. ಅಂಗಡಿ ಇವರದು. ಪ್ರೋಗ್ರಾಂ ನಂದು."

ಅವರು ಕೋಣೆಯ ಮೂಲೆಗಳನ್ನು ನೋಡಿದರು, ಕುರ್ಚಿಯ ಹಿಂದೆ ನೋಡಿದರು. "ಮತ್ತೆ ಈ ಕಾಫಿ ಯಾರಿಗೆ?"

ವಿಶಾಲಕ್ಕ ತಲೆಯೆತ್ತಿದರು. ತಣ್ಣಗಾಗಿ ಕೆನೆಗಟ್ಟಿದ್ದ ಕಾಫಿಯನ್ನು ಎತ್ತಿ ಒಂದೇ ಗುಟುಕಿಗೆ ಕುಡಿದು ಲೋಟ ಕುಕ್ಕಿದರು. "ನಂಗೆ."

ತಿಮ್ಮಪ್ಪಯ್ಯನವರು ಖಾಲಿ ಲೋಟದೊಳಗೆ ಇಣುಕಿದರು.

"ಅಲ್ಲ ಮಾರಾಯ್ತಿ" ಎಂದರು, "ನಾಲ್ಕು ವರ್ಷ ನಾನು ನಮಸ್ಕಾರ ಹಾಕಿದ್ದು ಯಾರಿಗೆ?"

"ಕುರ್ಚಿಗೆ" ಎಂದರು ಸೆಕ್ರೆಟರಿ.

"ನೀ ಸುಮ್ನಿರಾ." ಅವರು ಕೈಯಲ್ಲಿದ್ದ ಎಲೆ ಅಡಿಕೆಯನ್ನೂ ಕಾಯಿಯನ್ನೂ ನೋಡಿಕೊಂಡರು. ಕಾಯಿಯನ್ನು ಚೀಲಕ್ಕೆ ಹಾಕಿಬಿಡುತ್ತಾರೆ ಎಂದುಕೊಂಡೆ. ಆಮೇಲೆ ನನ್ನ ಕಡೆ ತಿರುಗಿ, ಮೊದಲ ಸಲ ನನ್ನ ಮುಖ ನೋಡಿ ಕೇಳಿದರು: "ತೀರ್ಕೊಂಡವ್ರ ಹೆಸರು ತೆಗೆಯೋದು, ಅದೂ ನೀವೇ ಯೋಚ್ನೆ ಮಾಡಿದ್ದಾ?"

"ನಾನೇ."

"ಹಿಡ್ಕೊ" ಎಂದು ವಿಶಾಲಕ್ಕನ ಎರಡೂ ಕೈಗೆ ಎಲೆ ಅಡಿಕೆ ಇಟ್ಟರು. "ಭದ್ರ. ನೆಲಕ್ಕೆ ಬೀಳ್ಬಾರದು ಅದು."

ಅವರನ್ನು ಕಳಿಸಲು ಹೊಸ್ತಿಲಿಗೆ ಬಂದಾಗ ನೋಡಿದರೆ ಸರ್ ಚಪ್ಪಲಿ ಇರಲಿಲ್ಲ. ಯಾರೋ ಗಿರಾಕಿ ಮೆಟ್ಟಿಕೊಂಡು ಹೋಗಿರಬೇಕು ಎಂದು ವಿಶಾಲಕ್ಕ ಕಣ್ಣೊರೆಸಿಕೊಂಡು ನಕ್ಕರು. ಆ ಬೆಳಿಗ್ಗೆ ಬೇರೆ ಗಿರಾಕಿ ಯಾರೂ ಬಂದಿರಲಿಲ್ಲ ಎಂದು ನನಗೆ ಹೊಳೆದದ್ದು ಆಮೇಲೆ. ಅಂದು ಮಧ್ಯಾಹ್ನ ಇಬ್ಬರೂ ಸೇರಿ ಆ ಮೇಜು ಕುರ್ಚಿಯನ್ನು ಮುಂದಿನ ಕೋಣೆಗೆ, ರಸ್ತೆಗೆ ಕಾಣುವಂತೆ ಎಳೆದು ಹಾಕಿದೆವು. ವಿಶಾಲಕ್ಕ ಕೂತರು. ಶೃಂಗೇರಿಯ ಜಾಗದವರಿಗೆ ಫೋನ್ ಮಾಡಿದರು.

ಸಂಜೆ ಮೈಸೂರಿನಿಂದ ಅಮ್ಮನ ಫೋನು. "ನಿನ್ನ ಕಂಪ್ಯೂಟರ್ ಕ್ಲಾಸಿನ ಮೇಡಂ ಸಿಕ್ಕಿದ್ರು ಕಣೆ. ಇನ್ನೂ ನಿನ್ನನ್ನ ಕೇಳ್ತಾರೆ. ವರ್ಗ ಮಾಡಿಸ್ಕೊಂಡು ಬಂದ್ಬಿಡಿ, ಅಲ್ಲೇನಿದೆ ಆ ಕಾಡಲ್ಲಿ?" ನನ್ನ ಬಾಯಲ್ಲಿ ಹಳೆಯ ಮಾತು ಬಂದು ನಿಂತಿತು. ಆಡಲಿಲ್ಲ. "ನಾನು ಯೋಚ್ನೆ ಮಾಡಿ ಹೇಳ್ತೀನಮ್ಮ" ಎಂದೆ. ಅಮ್ಮನಿಗೆ ಅದು ಬೇರೆ ಯಾರದೋ ಧ್ವನಿಯಂತೆ ಕೇಳಿರಬೇಕು, "ರೇಣುನೇ ತಾನೆ?" ಎಂದರು.

ಫೋನಿಟ್ಟು ಹೊರಗೆ ಬಂದು ನಿಂತೆ. ಕೆಳಗೆ ಬಸ್ ನಿಲ್ದಾಣದ ಮೇಲೆ ಮಂಜು ಇಳಿಯತೊಡಗಿತ್ತು. ಮೈಸೂರಿನ ಅಗಲ ರಸ್ತೆ, ಬಿಸಿಲು, ನನ್ನ ಕೋಣೆಯ ಕಿಟಕಿ ನೆನಪಾದವು. ಅಲ್ಲಿ ನಾನು 'ನಂದು' ಎಂದು ಒಂದು ಸಲವೂ ಹೇಳಿದವಳಲ್ಲ. ಇಲ್ಲಿ ಹೇಳಿದೆ, ಆದರೆ ಇಲ್ಲಿ ಎಲೆ ಅಡಿಕೆಯ ಅರ್ಥವೂ ತಿಳಿಯದವಳು. ಆದರೂ ಊರು ಅಂದಾಗ ಮನಸ್ಸು ಅಲ್ಲಿಗೇ ಓಡುತ್ತದೆ. ಸಂಕ್ರಾಂತಿಗಾದರೂ ಹೋಗಿಬರಬೇಕು ಅಂದುಕೊಳ್ಳುತ್ತಿದ್ದೆ.

ಎದುರಿನ ಜಗುಲಿಯಲ್ಲಿ ಸುಮಿತ್ರಮ್ಮ ಮೊರದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ತಲೆಯೆತ್ತದೆಯೇ ಹೇಳಿದರು:

"ನಿಮ್ಮ ಅಂಗಡಿ ಸರ್ ಊರು ಬಿಟ್ರಾ ಎಂತ? ಮಧ್ಯಾಹ್ನ ಕಂಡ್ರು ಮಾರಾಯ್ತಿ. ಎಡಗಾಲು ಎಳೀತಾರಲ್ಲ ಪಾಪ, ನಿಧಾನಕ್ಕೆ ಹೋಗಿ ನಿಮ್ಮ ಮೈಸೂರು ಬಸ್ಸೇ ಹತ್ತಿದ್ರು."