ಸಾಕ್ಷಿಯ ನಳಿಕೆ

ಗಂಗಾವತಿ ಕಡೆಯ ನಮ್ಮ ಆಸ್ಪತ್ರೆಯಲ್ಲಿ ಮೆಹರುನಬಿ ಆಪಾ ಎಂದರೆ ಅರ್ಧ ಜನಕ್ಕೆ ಭಕ್ತಿ, ಅರ್ಧ ಜನಕ್ಕೆ ಹೆದರಿಕೆ. ರಕ್ತಪರೀಕ್ಷೆ ಅವರ ಕೆಲಸ. ಹಾವು ಕಚ್ಚಿದವರು ಬಂದರೆ ಅವರ ರಕ್ತವನ್ನು ಗಾಜಿನ ನಳಿಕೆಗೆ ಹಾಕಿ ಇಪ್ಪತ್ತು ನಿಮಿಷ ಅಲುಗಾಡದಂತೆ ಇಡುತ್ತಿದ್ದರು. ಅಷ್ಟರಲ್ಲಿ ಹೆಪ್ಪುಗಟ್ಟದಿದ್ದರೆ ವಿಷ ಏರಿದೆ ಎಂದರ್ಥ. ಪಕ್ಕದಲ್ಲಿ ಇನ್ನೊಂದು ನಳಿಕೆ, ಅದರಲ್ಲಿ ತಮ್ಮದೇ ರಕ್ತ. ಅದನ್ನು ‘ಸಾಕ್ಷಿ’ ಎನ್ನುತ್ತಿದ್ದರು. “ಆಕಿ ಹಾವಿಗೆ ತನ್ನ ರಕ್ತ ಕೊಡ್ತಾಳ” ಎಂದು ಹೊರಗೆ ಕೂತ ಹೆಂಗಸರು ಪಿಸುಗುಡುತ್ತಿದ್ದರು.

ನಾನು ಆಗಷ್ಟೇ ಬಂದ ನರ್ಸು. ಕೆಲಸ ಕಲಿಯುವ ಮೊದಲೇ ಬುದ್ಧಿ ಹೇಳುವ ಸ್ವಭಾವ ನನ್ನದು. ಒಮ್ಮೆ ಬಳಸಿದ ನಳಿಕೆಯನ್ನು ಆಪಾ ಎಸೆಯುವುದು ನೋಡಿ ಎಷ್ಟು ದಂಡ ಎನಿಸುತ್ತಿತ್ತು. ಒಂದು ಸಂಜೆ ಅವನ್ನೆಲ್ಲ ಆರಿಸಿ, ಸೋಪು ಹಚ್ಚಿ ಉಜ್ಜಿ, ಫಳಫಳ ಹೊಳೆಯುವಂತೆ ಸ್ಟ್ಯಾಂಡಿನಲ್ಲಿ ಜೋಡಿಸಿದೆ. ಯಾರಿಗೂ ಹೇಳಲಿಲ್ಲ.

ಅದು 2006ರ ಆಗಸ್ಟು. ಮರುದಿನ ಮಧ್ಯಾಹ್ನ ಭತ್ತ ನಾಟಿ ಮಾಡುತ್ತಿದ್ದ ಹೊಳಿಯಮ್ಮನನ್ನು ಹೊತ್ತು ತಂದರು, ಹಿಂದೆಯೇ ವಿರುಪಣ್ಣನನ್ನು. ಇಬ್ಬರಿಗೂ ಗದ್ದೆಯಲ್ಲಿ ಹಾವು ಕಚ್ಚಿತ್ತು, ಇಬ್ಬರೂ ಅದನ್ನು ಸರಿಯಾಗಿ ನೋಡಿರಲಿಲ್ಲ. ನಮ್ಮಲ್ಲಿದ್ದದ್ದು ವಿಷ ಇಳಿಸುವ ಹತ್ತು ಬಾಟಲಿ ಔಷಧ, ಒಬ್ಬರಿಗೆ ಮಾತ್ರ ಸಾಲುವಷ್ಟು.

ಆಪಾ ಮೂರು ನಳಿಕೆ ನಿಲ್ಲಿಸಿದರು. ಕಾಯುವಾಗ ನಾನು ಕೇಳಿದೆ, “ವಿಷ ಒಳಗ ಏನ್ ಮಾಡ್ತೈತಿ ಆಪಾ?”

“ನಮ್ಮ ಮೈಯಾಗಿನ ಒಂದೊಂದು ಕಣಕ್ಕೂ ಎಣ್ಣಿ ಗ್ವಾಡಿ ಐತ್ರಿ ಸಿಸ್ಟರ್. ಆ ಎಣ್ಣಿ ಅಣುವಿಗೆ ಒಂದು ತಲಿ, ಎರಡು ಬಾಲ. ತಲಿಗೆ ನೀರು ಬೇಕು, ಬಾಲಕ್ಕ ನೀರಂದ್ರ ಆಗೂದಿಲ್ಲ. ಅದಕ್ಕ ಎರಡು ಸಾಲಾಗಿ, ಬಾಲಕ್ಕ ಬಾಲ ಹಚ್ಚಿ ನಿಂದರ್ತಾವ. ಗಾಯ ಆದ್ರ, ಒಳಗ ಮುಖ ಮಾಡಿದ್ದ ಕೆಲವು ಹೊರಗ ತಿರುಗಿ ರಕ್ತಕ್ಕ ‘ಹೆಪ್ಪುಗಟ್ಟು’ ಅಂತಾವ. ವಿಷ ಬಂದು ಒಂದು ಬಾಲ ಕತ್ತರಿಸ್ತೈತಿ. ಒಂದ ಬಾಲದ್ದು ಸೋಪು ಇದ್ದಂಗ ನೋಡ್ರಿ, ಬಾಜೂದ ಗ್ವಾಡೀನೂ ಕರಗಸ್ತೈತಿ.”

ಸೋಪು ಎಂದಾಗ ನನ್ನ ಕಣ್ಣು ಫಳಫಳ ಹೊಳೆಯುವ ಆ ಮೂರು ನಳಿಕೆಗಳ ಕಡೆ ಹೋಯಿತು. ಆದರೂ ಬಾಯಿ ಬಿಡಲಿಲ್ಲ. ಒಳಗೆ ಹೊಳಿಯಮ್ಮ ನೀರು ಕೇಳುತ್ತಿದ್ದಳು.

ಇಪ್ಪತ್ತು ನಿಮಿಷವಾಯಿತು. ಹೊಳಿಯಮ್ಮನ ನಳಿಕೆ ಓರೆ ಮಾಡಿದರೆ ರಕ್ತ ನೀರಿನಂತೆ ಹರಿಯಿತು. ವಿರುಪಣ್ಣನದೂ ಹರಿಯಿತು. “ಇಬ್ಬರಿಗೂ ಐದೈದು ಹಾಕೋಣ” ಎಂದರು ಡಾಕ್ಟರು. ಆಪಾ ಮೂರನೆಯದನ್ನು ಎತ್ತಿದರು. ಯಾವ ಹಾವೂ ಮುಟ್ಟದ ಅವರ ರಕ್ತ ಗಾಜಿನುದ್ದಕ್ಕೂ ಸರಸರ ಇಳಿಯಿತು.

ಆಪಾ ತಮ್ಮ ಅಂಗೈ ತಿರುಗಿಸಿ ನೋಡಿಕೊಂಡರು. ನಾನೂ ಅವರ ಕಾಲಿನಲ್ಲಿ ಹಲ್ಲಿನ ಗುರುತು ಹುಡುಕಿದೆ. “ನಾನು ಬದುಕೇನಿ ಹೌದಲ್ರಿ ಸಿಸ್ಟರ್?” ಎಂದು ಮೆಲ್ಲಗೆ ಕೇಳಿದರು.

“ಸೋಪು ಹಚ್ಚಿ ತೊಳದಿದ್ದೆ ಆಪಾ” ಎಂದೆ.

ಅವರು ಬೈಯಲಿಲ್ಲ. “ಸೋಪು ಮುಟ್ಟಿದ ಗಾಜಿನ್ಯಾಗ ಯಾರ ರಕ್ತಾನೂ ಗಟ್ಟಿ ಆಗೂದಿಲ್ಲ” ಎಂದು ಹೊಸ ನಳಿಕೆಗಳ ಡಬ್ಬಿ ಒಡೆದರು. ಮತ್ತೆ ಇಪ್ಪತ್ತು ನಿಮಿಷ. ಅಷ್ಟರಲ್ಲಿ ಹೊಳಿಯಮ್ಮನ ಒಸಡಿನಿಂದ ರಕ್ತ ಜಿನುಗತೊಡಗಿತು. ಅವಳ ಬಾಯಿ ಒರೆಸುತ್ತಾ ಕೂತ ನನಗೆ ಗಡಿಯಾರದ ಕಡೆ ನೋಡುವ ಧೈರ್ಯವಿರಲಿಲ್ಲ.

ಈ ಸಲ ವಿರುಪಣ್ಣನ ರಕ್ತ ಗಟ್ಟಿಯಾಗಿ ನಿಂತಿತು, ಆಪಾ ಅವರದೂ ನಿಂತಿತು. ಹೊಳಿಯಮ್ಮನದು ಮಾತ್ರ ಹರಿಯಿತು. ಹತ್ತೂ ಬಾಟಲಿ ಅವಳಿಗೇ ಹೋಯಿತು. ಮರುದಿನ ಅವಳ ರಕ್ತ ಹೆಪ್ಪುಗಟ್ಟಿತು.

ಆಪಾ ನಿವೃತ್ತರಾಗಿ ಕೊಪ್ಪಳದ ಮಗಳ ಮನೆಯಲ್ಲಿದ್ದಾರೆ. ಈಗ ಸಾಕ್ಷಿಯ ನಳಿಕೆಗೆ ನನ್ನ ರಕ್ತ. ಅದನ್ನು ಓರೆ ಮಾಡುವ ಗಳಿಗೆಯಲ್ಲಿ, ನಾನು ಬದುಕಿದ್ದೇನೆಂದು ನನಗೇ ಖಾತ್ರಿಯಿರುವುದಿಲ್ಲ.

ಸುಗ್ಗಿ ಮುಗಿದರೆ ಹೊಳಿಯಮ್ಮ ಐದು ಸೇರು ಹೊಸ ಅಕ್ಕಿ ತರುತ್ತಾಳೆ. “ಅವತ್ತು ನೀವು ನನ್ನ ಬಾಜೂ ಬಿಟ್ಟು ಏಳಲಿಲ್ರಿ ಅಕ್ಕಾರ” ಎನ್ನುತ್ತಾಳೆ. ಆ ಇಪ್ಪತ್ತು ನಿಮಿಷ ಕದ್ದವಳು ನಾನೇ ಎಂದು ಅವಳಿಗೆ ಇನ್ನೂ ಹೇಳಿಲ್ಲ. ಸೆರಗೊಡ್ಡಿ ಅಕ್ಕಿ ಹಾಕಿಸಿಕೊಳ್ಳುತ್ತೇನೆ.